ಇನ್ನೊಬ್ಬ ಕುಡುಕನ ವಿಳಾಸ

ಕುಡಿತದ ಚರಿತ್ರೆಯನ್ನು ಓದುವಾಗ ನಾನು ಮತ್ತೆ ಮತ್ತೆ ತಡೆದು ನಿಲ್ಲುವುದು ಒಂದು ಸಣ್ಣ ಪ್ರಶ್ನೆಯ ಮುಂದೆ. ಬಿಡಬೇಕು ಎಂದು ರಾತ್ರಿ ತೀರ್ಮಾನಿಸಿದವನು ಮರುದಿನ ಬೆಳಿಗ್ಗೆ ಯಾರ ಬಾಗಿಲು ತಟ್ಟಬೇಕು? ವೈದ್ಯರ ಮನೆ ಗೊತ್ತು, ದೇವಸ್ಥಾನ ಗೊತ್ತು. ತನ್ನಂತೆಯೇ ಕುಡಿದು, ತನ್ನಂತೆಯೇ ಸೋತು, ಈಗ ಬಿಟ್ಟಿರುವ ಇನ್ನೊಬ್ಬನ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳುವವರು ಯಾರು?

ಅಂಥವರು ಒಂದೆಡೆ ಸೇರಿದರೆ ಕೆಲಸವಾಗುತ್ತದೆ ಎಂಬುದು ಹಳೆಯ ಅರಿವು. 1840ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಮದ್ಯದಂಗಡಿಯಲ್ಲಿ ಸೇರುತ್ತಿದ್ದ ಆರು ಮಂದಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿ ಸಂಘ ಕಟ್ಟಿದರು. ಜಾರ್ಜ್ ವಾಷಿಂಗ್ಟನ್ ಹೆಸರು ಹೊತ್ತ ಈ ಸಂಘದ ಸಭೆಗಳಲ್ಲಿ ಕುಡಿತ ಬಿಟ್ಟವರು ಎದ್ದು ನಿಂತು ತಮ್ಮ ಕತೆಯನ್ನು ತಾವೇ ಹೇಳುತ್ತಿದ್ದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರೆದುರು ಮಾತಾಡಿದ ವಕೀಲ ಅಬ್ರಹಾಂ ಲಿಂಕನ್, ಪಾದ್ರಿಗಳೂ ವಕೀಲರೂ ಸೋತ ಕಡೆ ಈ ಮಾಜಿ ಕುಡುಕರು ಗೆಲ್ಲುತ್ತಿದ್ದಾರೆ ಎಂದು ಗುರುತಿಸಿದರು. ಆದರೆ ಏರಿದಷ್ಟೇ ಬೇಗ ಆ ಅಲೆ ಇಳಿಯಿತು. ಮುಂದೆ ಬಂದವರು ಎಲ್ಲವನ್ನೂ ಹೊಸದಾಗಿ ಹುಡುಕಿಕೊಳ್ಳಬೇಕಾಯಿತು.

1935ರ ಮೇ 11, ಶನಿವಾರ. ಓಹಾಯೋ ರಾಜ್ಯದ ಆಕ್ರನ್ ಊರಿನ ಮೇಫ್ಲವರ್ ಹೋಟೆಲಿನಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಒಬ್ಬರೇ ಇದ್ದರು. ಷೇರು ವ್ಯವಹಾರಕ್ಕೆಂದು ಬಂದ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಪಕ್ಕದ ಬಾರಿನಿಂದ ನಗು, ಮಾತು ಕೇಳುತ್ತಿತ್ತು. ಆ ಐದು ತಿಂಗಳಲ್ಲಿ ಅವರು ಎಷ್ಟೋ ಕುಡುಕರಿಗೆ ಬುದ್ಧಿ ಹೇಳಿದ್ದರು. ಅವರಲ್ಲಿ ಒಬ್ಬರೂ ಬಿಟ್ಟಿರಲಿಲ್ಲ. ಆದರೂ ಹಾಗೆ ಮಾತಾಡುತ್ತಿದ್ದಷ್ಟು ದಿನ ತಾನು ಕುಡಿದಿರಲಿಲ್ಲ ಎಂಬುದು ಅವರಿಗೆ ಅಂದು ಹೊಳೆಯಿತು. ಹೋಟೆಲಿನಲ್ಲಿ ತೂಗುಹಾಕಿದ್ದ ಚರ್ಚುಗಳ ಪಟ್ಟಿ ನೋಡಿ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನು ಮಾಡಿದರು. ತನಗೆ ಮಾತಾಡಲು ಒಬ್ಬ ಕುಡುಕ ಬೇಕು ಎಂಬುದೇ ಅವರ ಬೇಡಿಕೆ. ಪಾದ್ರಿ ಕೆಲವರ ಹೆಸರು ಕೊಟ್ಟರು. ಕರೆಯಿಂದ ಕರೆಗೆ ಸಾಗಿ ಕೊನೆಗೆ ಸಿಕ್ಕವರು ಹೆನ್ರಿಯೆಟ್ಟಾ ಸೈಬರ್ಲಿಂಗ್. ಅಂಥ ಒಬ್ಬರು ಆಕೆಗೆ ಗೊತ್ತಿದ್ದರು: ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್.

ಮರುದಿನ ಸಂಜೆ ಐದಕ್ಕೆ ಆಕೆಯ ಮನೆಗೆ ಬಂದ ಡಾಕ್ಟರ್, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದರು. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ನಾನು ಇಲ್ಲಿ ಗಮನಿಸುವುದು ಇನ್ನೊಂದು ಸಂಗತಿ. ಡಾಕ್ಟರ್ ಬಾಬ್‌ಗೆ ಸಭೆಗಳು ಹೊಸದಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು 'ಆಕ್ಸ್‌ಫರ್ಡ್ ಗ್ರೂಪ್' ಎಂಬ ಧಾರ್ಮಿಕ ಬಳಗದ ಕೂಟಗಳಿಗೆ ಹೋಗುತ್ತಲೇ ಇದ್ದರು, ಕುಡಿಯುತ್ತಲೂ ಇದ್ದರು. ಪ್ರಾರ್ಥನೆ, ಪುಸ್ತಕ, ಒಳ್ಳೆಯ ಜನ ಎಲ್ಲವೂ ಅಲ್ಲಿದ್ದವು. ತನ್ನ ಸ್ಥಿತಿಯನ್ನು ಸ್ವಂತ ಅನುಭವದಿಂದ ಬಲ್ಲ ಮನುಷ್ಯ ಮಾತ್ರ ಅಲ್ಲಿರಲಿಲ್ಲ. ಬಿಲ್ ಸಿಕ್ಕ ಮೇಲೂ ಅವರು ಒಮ್ಮೆ ಜಾರಿದರು. ಜೂನ್ 10ರ ನಂತರ ಮತ್ತೆ ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ.

ಮೂರನೆಯವನನ್ನು ಇವರಿಬ್ಬರೇ ಹುಡುಕಿದರು. ಆಸ್ಪತ್ರೆಗೆ ಫೋನು ಮಾಡಿ, ನಿಮ್ಮಲ್ಲಿ ಕುಡುಕರು ಯಾರಾದರೂ ಇದ್ದಾರೆಯೇ ಎಂದು ನರ್ಸ್ ಒಬ್ಬರನ್ನು ಕೇಳಿದರು. ಇದ್ದರು, ಒಬ್ಬ ವಕೀಲ. ಕೆಲವೇ ದಿನಗಳಲ್ಲಿ ಆತ ಹಾಸಿಗೆಯಿಂದೆದ್ದು ಹೊರನಡೆದರು.

ಮುಂದಿನ ಕಷ್ಟ ಬೇರೆ ಬಗೆಯದು. ಹೆಸರು ಮುಚ್ಚಿಟ್ಟುಕೊಂಡಿರುವ ಬಳಗವನ್ನು ಹೊರಗಿನವನು ಪತ್ತೆಹಚ್ಚುವುದು ಹೇಗೆ? ಕುಡುಕ ಎಂಬ ಹಣೆಪಟ್ಟಿಯಿಂದ ಕೆಲಸ, ಮರ್ಯಾದೆ ಎರಡೂ ಹೋಗುವ ಕಾಲ ಅದು. ಹೆಸರು ಬಯಲಾದರೆ ಯಾರೂ ಬರುವುದಿಲ್ಲ, ಬಾಗಿಲು ಕಾಣದಿದ್ದರೂ ಯಾರೂ ಬರುವುದಿಲ್ಲ. ಅವರು ಕಂಡುಕೊಂಡ ದಾರಿ ಸರಳ: ಸದಸ್ಯರ ಹೆಸರು ಗುಟ್ಟಾಗಿರಲಿ, ಕೂಟದ ವಿಳಾಸ ಬಯಲಾಗಲಿ. 1939ರಲ್ಲಿ ಕೂಟದ ಹೆಸರನ್ನೇ ಹೊತ್ತ ಪುಸ್ತಕ ಬಂತು. ಅದೇ ವರ್ಷ ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದು ಸರಣಿ ಲೇಖನ ಬರೆದಾಗ ಅಲ್ಲಿನ ಪುಟ್ಟ ಗುಂಪಿನ ಮೇಲೆ ಕರೆಗಳ ಮಳೆಯೇ ಸುರಿಯಿತು. ಬಿಟ್ಟು ಕೆಲವೇ ವಾರವಾದವರು ಹೊಸಬರ ಕೈಹಿಡಿಯಬೇಕಾಯಿತು. 1941ರ ಮಾರ್ಚ್ 1ರಂದು 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್'ನಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನ ಇಡೀ ದೇಶಕ್ಕೆ ಈ ಸುದ್ದಿ ಮುಟ್ಟಿಸಿತು. ಕೂಟದ್ದೇ ಲೆಕ್ಕದಂತೆ ಸುಮಾರು 2,000 ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು. ಬಂದ ಪತ್ರಗಳಿಗೆ ನ್ಯೂಯಾರ್ಕ್ ಕಚೇರಿಯಲ್ಲಿ ಉತ್ತರ ಬರೆಯುತ್ತಿದ್ದವರಲ್ಲಿ ಮುಖ್ಯರು ಕಾರ್ಯದರ್ಶಿ ರೂತ್ ಹಾಕ್.

ಈ ಚರಿತ್ರೆಯನ್ನು ಕುಡುಕ ಕುಡುಕನನ್ನು ಗುಣಪಡಿಸಿದ ಕತೆ ಎಂದು ಹೇಳುವುದು ವಾಡಿಕೆ. ಅದು ನಿಜ. ಆದರೆ ಆ ಇಬ್ಬರನ್ನು ಭೇಟಿ ಮಾಡಿಸಿದವರನ್ನು ಒಮ್ಮೆ ನೋಡಿ: ಪಾದ್ರಿ, ಹೆನ್ರಿಯೆಟ್ಟಾ, ಆಸ್ಪತ್ರೆಯ ನರ್ಸ್, ಪತ್ರಕರ್ತ, ರೂತ್ ಹಾಕ್. ಇವರು ತಮ್ಮ ಕುಡಿತ ಬಿಡಲು ಬಂದವರಲ್ಲ. ವಿಳಾಸ ಗೊತ್ತಿತ್ತು, ಕೇಳಿದವರಿಗೆ ಹೇಳಿದರು, ಅಷ್ಟೆ.

ನಮ್ಮ ಕಡೆಯೂ ಕೂಟಗಳಿಗೆ ಬರವಿಲ್ಲ. ಬೆಂಗಳೂರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ನಡೆಯುತ್ತವೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಊರಿಗೆ ಮರಳಿ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ದಿನವೂ ಕುಡಿಯುವವರು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು, ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ಅದಕ್ಕೆ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಿವೆ. ಆದರೂ ಎಷ್ಟೋ ಮನೆಗಳಲ್ಲಿ ಗಂಡನ ಕುಡಿತವನ್ನು ಹೆಂಡತಿ ನೆರೆಮನೆಗೂ ತಿಳಿಯದಂತೆ ಬಚ್ಚಿಡುತ್ತಾಳೆ, ಮತ್ತು ಬಚ್ಚಿಟ್ಟ ಕಷ್ಟಕ್ಕೆ ಯಾರೂ ದಾರಿ ತೋರಿಸಲಾರರು. ಆಕೆ ಒಂದು ದಿನ ಅಂಜುತ್ತ ಬಾಯಿಬಿಟ್ಟಾಗ ಉಪದೇಶ ಕೊಡಲು ಊರಿಗೆ ಊರೇ ತಯಾರಿರುತ್ತದೆ. ಯಾವ ವಾರ, ಎಷ್ಟು ಹೊತ್ತಿಗೆ, ಯಾವ ಕಟ್ಟಡದ ಯಾವ ಕೋಣೆ ಎಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ?