ಚೌಕಟ್ಟಿನ ಹೊರಗೆ ನಿಂತವರು

ಹಳೆಯ ಚಿತ್ರಕಥೆ ಪುಸ್ತಕಗಳ ಮೇಲೆ ಈಗ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿದೆ. ರಟ್ಟು ಕಿತ್ತುಹೋದ ಇಂದ್ರಜಾಲ ಕಾಮಿಕ್ಸಿಗೂ ಸಂಗ್ರಹಕಾರರು ಕೇಳಿದಷ್ಟು ದುಡ್ಡು ಕೊಡುತ್ತಾರೆ. ಬೇಸಿಗೆ ರಜೆ, ಮಾವಿನಹಣ್ಣು, ಅಜ್ಜಿಮನೆಯ ಅಟ್ಟ, ಅಟ್ಟದ ಮೇಲೊಂದು ಕಟ್ಟು ಫ್ಯಾಂಟಮ್ ಅಂತ ನೆನೆದು ನಿಟ್ಟುಸಿರು ಬಿಡುತ್ತಾರೆ. ಇರಲಿ. ಹಳೆಯದನ್ನು ನೆನೆಯುವುದು ಯಾರ ಅಪ್ಪಣೆಯೂ ಬೇಕಿಲ್ಲದ ಕೆಲಸ. ಆದರೆ ಗೆಳೆಯರೇ, ಅಜ್ಜಿಮನೆಗೆ ಅಟ್ಟ ಇದ್ದವರು ಯಾರು? ಬೇಸಿಗೆ ರಜೆ ಅಂದರೆ ಜೀತದ ಮನೆಯ ದನ ಕಾಯುವ ದಿನಗಳು ಅಂತಷ್ಟೇ ಗೊತ್ತಿದ್ದ ಹುಡುಗರ ನೆನಪಿನಲ್ಲಿ ಈ ಬಣ್ಣದ ಪುಸ್ತಕ ಎಲ್ಲಿಂದ ಬರಬೇಕು? ಹಾಗಾಗಿ ಈ ಪುಸ್ತಕಗಳ ಚರಿತ್ರೆಯನ್ನು ನಿಟ್ಟುಸಿರು ಬಿಡದೆ ಒಮ್ಮೆ ನೋಡಬೇಕಾಗಿದೆ.

ಮೊದಲು ಕನ್ನಡಿಗರೇ ಮರೆತ ಒಂದು ಸಂಗತಿ. ಅಮರ ಚಿತ್ರಕಥೆ ಅಂದಕೂಡಲೇ ನೆನಪಾಗುವುದು ಮುಂಬಯಿ, ಅನಂತ ಪೈ, ಇಂಗ್ಲಿಷ್. ಆದರೆ ಆ ಹೆಸರಿನ ಪುಸ್ತಕ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ವ್ಯವಹಾರ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಮೊದಲ ಹತ್ತು ಪುಸ್ತಕ ಯಾವುವು ಗೊತ್ತೆ? ಸಿಂಡರೆಲ್ಲಾ, ಪಿನೋಕಿಯೊ, ಅಲ್ಲಾವುದ್ದೀನ, ಮೂರು ಹಂದಿಮರಿ, ಏಳು ಕುಳ್ಳರ ಜೊತೆ ಬಾಳಿದ ರಾಜಕುಮಾರಿ — ಹೀಗೆ ಹೊರನಾಡಿನ ಕಥೆಗಳು. ಅವು ಚೆನ್ನಾಗಿ ಖರ್ಚಾದವು. ಖರ್ಚಾದ ಸುದ್ದಿ ಮುಂಬಯಿಯ ಕಚೇರಿಗೆ ಮುಟ್ಟಿತು. ಇಂಗ್ಲಿಷಿನಲ್ಲೂ ಮಾಡೋಣ, ನಮ್ಮ ಪುರಾಣವನ್ನೇ ಮಾಡೋಣ ಅಂತಾಯಿತು. 'ಕೃಷ್ಣ' ಬಂತು, ಅದರ ಮೇಲಿದ್ದ ಸಂಖ್ಯೆ 11. ಮೊದಲ ಹತ್ತನ್ನು ಕನ್ನಡ ಆಗಲೇ ತುಂಬಿತ್ತು. ಇವತ್ತು ಆ ಹತ್ತನ್ನು ಕೇಳುವವರಿಲ್ಲ, ಹನ್ನೊಂದರಿಂದಾಚೆಗೇ ಎಲ್ಲರ ಹಂಬಲ.

ಕೂಲಿ ಕೆಲಸದ ಹುಡುಗಿ ಸಿಂಡರೆಲ್ಲಾ ಹೋಗಿ ದೇವರು ಬಂದದ್ದು ಬರೀ ವ್ಯಾಪಾರದ ಮಾತಲ್ಲ. ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ದಿಲ್ಲಿಯ ದೂರದರ್ಶನದ ರಸಪ್ರಶ್ನೆಯಲ್ಲಿ ಹುಡುಗರು ಗ್ರೀಕ್ ದೇವತೆಗಳ ಬಗ್ಗೆ ಹೇಳಿದರು, ರಾಮನ ತಾಯಿ ಯಾರು ಅಂದರೆ ತಬ್ಬಿಬ್ಬಾದರು. ಅದನ್ನು ಕಂಡು ತನಗೆ ಸಂಕಟವಾಯಿತು ಅಂತ ಅವರು ಹೇಳಿಕೊಳ್ಳುತ್ತಿದ್ದರು. ಆ ಸಂಕಟ ಸುಳ್ಳಲ್ಲ. ಆದರೆ ಅದು ಯಾರ ಮಕ್ಕಳ ಬಗೆಗಿನ ಸಂಕಟ? ಇಂಗ್ಲಿಷ್ ಶಾಲೆಗೆ ಹೋಗಿ ಮನೆಯ ಪುರಾಣ ಮರೆತ ಮಕ್ಕಳ ಬಗೆಗಿನದು. ಶಾಲೆಯ ಜಗುಲಿ ಹತ್ತಲಾಗದೆ ಹೊರಗೆ ಕೂತವರ ಮಕ್ಕಳು ಏನು ಮರೆತರು, ಏನು ಕಳಕೊಂಡರು ಅನ್ನುವುದು ಆ ಪ್ರಶ್ನೆಯೊಳಗೆ ಇರಲೇ ಇಲ್ಲ.

ಹೀಗೆ ಬಂದ ಪುಸ್ತಕಗಳಲ್ಲಿ ಬಣ್ಣವೇ ಅರ್ಧ ಕಥೆ ಹೇಳಿಬಿಡುತ್ತದೆ. ದೇವರು ನೀಲಿ, ರಾಜಕುಮಾರಿ ಕೆನೆಹಾಲಿನ ಬಿಳುಪು, ಅಸುರ ಅಂದರೆ ಕಂದು ಮೈ, ದಪ್ಪ ತುಟಿ, ಕೋರೆಹಲ್ಲು. ಓದು ಬಾರದ ಕೂಸಿಗೂ ಯಾರನ್ನು ಕೊಲ್ಲಬೇಕು ಅಂತ ಚಿತ್ರ ನೋಡಿದರೆ ಸಾಕು, ತಿಳಿದುಬಿಡುತ್ತೆ. ಬಿಸಿಲಲ್ಲಿ ದುಡಿದ ಅಪ್ಪನ ಮೈಬಣ್ಣ ಪುಸ್ತಕದಲ್ಲಿ ರಾಕ್ಷಸನಿಗಿದೆ ಅಂತ ಕಂಡ ಮಗು ಏನಂದುಕೊಳ್ಳಬೇಕು? ಇತ್ತೀಚಿನ ವರ್ಷಗಳಲ್ಲಿ ಮೈಸೂರಿನ ದಲಿತ, ಪ್ರಗತಿಪರ ಸಂಘಟನೆಗಳು ಮಹಿಷ ದಸರಾ ಅಂತ ಮಾಡಿ, ಮಹಿಷ ರಾಕ್ಷಸನಲ್ಲ, ಈ ನೆಲದ ದೊರೆ ಅಂದಾಗ ಎಷ್ಟು ಜನ ಕೆರಳಿದರು! ಕೆರಳಿದವರಲ್ಲಿ ಎಷ್ಟೋ ಜನರ ಕಣ್ಣಲ್ಲಿ ನಿಂತಿದ್ದ ಮಹಿಷ ಕ್ಯಾಲೆಂಡರಿನವನು, ಚಿತ್ರಕಥೆಯವನು.

ಇನ್ನು ಫ್ಯಾಂಟಮ್. ಅಮೆರಿಕದ ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಈ ಮುಸುಕುಧಾರಿ ಕಾಡಿನ ಕಪ್ಪು ಜನರನ್ನು ನಾನೂರು ವರ್ಷದಿಂದ, ಅಪ್ಪನ ನಂತರ ಮಗನಾಗಿ, ಕಾಯುತ್ತಿದ್ದಾನೆ. ಅವನು ಬಿಳಿಯ. ತಲೆಬುರುಡೆಯ ಸಿಂಹಾಸನದ ಮೇಲೆ ಅವನು, ಸುತ್ತ ಈಟಿ ಹಿಡಿದು ನಿಂತ ಕುಳ್ಳ ಜನ. ಮೂಲದಲ್ಲಿ ಆ ಜನರ ಹೆಸರು 'ಬಂದರ್'. ಹಿಂದಿ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ದು ಈ ಫ್ಯಾಂಟಮ್‌ನಿಂದಲೇ. ಬಂಗಾಳಿಗಳಿಗೆ ಅವನು ಅರಣ್ಯದೇವ, ಹಿಂದಿಯವರಿಗೆ ವೇತಾಳ. ಕನ್ನಡದಲ್ಲೂ ಇಂದ್ರಜಾಲ ಬಂತು.

ಇಲ್ಲಿ ಒಂದು ಕುತೂಹಲದ ವಿಷಯವಿದೆ, ಚರಿತ್ರೆ ಓದುವ ಹುಡುಗರು ಗಮನಿಸಬೇಕು. ಮೂಲದಲ್ಲಿ ಫ್ಯಾಂಟಮ್ ವಂಶದ ಶತ್ರುಗಳು 'ಸಿಂಗ್' ಎಂಬ ಕಡಲುಗಳ್ಳರು. ಅವನ ನಾಡಿನ ಹೆಸರು ಬಂಗಾಳವನ್ನು ನೆನಪಿಸುವಂಥದ್ದು. ಭಾರತದ ಓದುಗರಿಗೆ ನೋವಾದೀತು ಅಂತ ನಮ್ಮ ಸಂಪಾದಕರು ಸಿಂಗ್ ಅನ್ನು 'ಸಿಂಗಾ' ಮಾಡಿದರು, ನಾಡನ್ನು 'ಡೆಂಕಾಲಿ' ಮಾಡಿದರು. ಸರಿಯೇ, ಅವಮಾನ ತಿದ್ದಿದರು. ಆದರೆ ಎಷ್ಟನ್ನು ತಿದ್ದಿದರು? ತಮ್ಮ ಮೈಗೆ ಹತ್ತಿದ ಕೆಸರನ್ನಷ್ಟೇ ಒರೆಸಿಕೊಂಡರು. ಬಿಳಿಯ ದೊರೆಯ ಮುಂದೆ ಮಂಡಿಯೂರಿದ ಕಪ್ಪು ಜನ ಹಾಗೆಯೇ ಉಳಿದರು. ಮೇಲಿನವನು ತನಗೆ ಬೈದರೆ ಕಣ್ಣು ಕೆಂಪಗೆ, ಕೆಳಗಿನವನಿಗೆ ಬೈದರೆ ಕಿವಿ ಕಿವುಡು: ನಮ್ಮ ಜಾತಿ ಮೆಟ್ಟಿಲಿನ ಗುಣವೇ ಇದು ಅಲ್ಲವೆ?

ಮಾಂತ್ರಿಕ ಮಾಂಡ್ರೇಕನ ಜೊತೆಗಿದ್ದ ಲೋಥರ್‌ನ ಕಥೆ ಇನ್ನೂ ಸ್ವಾರಸ್ಯ. 1934ರಲ್ಲಿ ಅವನು ಆಫ್ರಿಕದ ರಾಜಕುಮಾರ. ಆದರೂ ಚಿರತೆ ಚರ್ಮ ಸುತ್ತಿಕೊಂಡು, ಹರುಕುಮುರುಕು ಇಂಗ್ಲಿಷ್ ಆಡುತ್ತ ಬಿಳಿಯ ಧಣಿಯ ಆಳಾಗಿ ಓಡಾಡುತ್ತಿದ್ದ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಅವನಿಗೆ ನೆಟ್ಟಗಿನ ಬಟ್ಟೆ ಬಂತು, ನೆಟ್ಟಗಿನ ಭಾಷೆ ಬಂತು. ಅದು ಅಮೆರಿಕದ ಕಪ್ಪು ಜನ ಬೀದಿಗಿಳಿದು ನಾಗರಿಕ ಹಕ್ಕಿಗೆ ಬಡಿದಾಡುತ್ತಿದ್ದ ಕಾಲ. ಚಿತ್ರದೊಳಗಿನ ಆಳಿಗೆ ಅಂಗಿ ತೊಡಿಸಲಿಕ್ಕೂ ಬೀದಿಯಲ್ಲಿ ಅಷ್ಟು ಜನ ಲಾಠಿ ಏಟು ತಿನ್ನಬೇಕಾಯಿತು.

ನಮ್ಮ ಬೀದಿಯಲ್ಲೂ ಆಗ ಬಿಸಿ ಏರುತ್ತಿತ್ತು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಇಂದ್ರಜಾಲ ಅಚ್ಚಾಗುತ್ತಿದ್ದ ಊರೂ ಅದೇ ಅನ್ನುವುದನ್ನು ಮರೆಯಬೇಡಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು, ಸಚಿವರ ಕುರ್ಚಿ ಹೋಯಿತು. ಆ ಗಲಾಟೆಯ ಒಡಲಿನಿಂದಲೇ ದಲಿತ ಸಂಘರ್ಷ ಸಮಿತಿ ಮೂಡಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಆಯಿತು. ಅದೇ 1979ರಲ್ಲಿ ಅಮರ ಚಿತ್ರಕಥೆಯಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಬಂದರು.

'ಕೃಷ್ಣ' ಬಂದು ಎಷ್ಟೋ ವರ್ಷವಾಗಿತ್ತು. ರಾಮ ಬಂದಿದ್ದ, ಶಿವಾಜಿ ಬಂದಿದ್ದ, ರಾಣಾ ಪ್ರತಾಪ ಬಂದಿದ್ದ. ಬಾಬಾಸಾಹೇಬರೂ ಬಂದರಲ್ಲ ಅಂತ ಸಂತೋಷಪಡೋಣ; ಕೆಲವು ಹುಡುಗರು ಅವರ ಮುಖವನ್ನು ಮೊದಲು ಬಣ್ಣದಲ್ಲಿ ಕಂಡಿದ್ದರೆ ಅದು ಅಲ್ಲೇ ಇರಬಹುದು. ಆದರೆ ಆ ಪುಸ್ತಕಗಳ ಅಚ್ಚೇ ಒಂಟಿ ಮಹಾಪುರುಷನ ಅಚ್ಚು. ಹುಟ್ಟಿದ, ಕಷ್ಟಪಟ್ಟ, ಓದಿದ, ಗೆದ್ದ. ಮೂವತ್ತು ಚಿಲ್ಲರೆ ಪುಟ, ಪುಟಕ್ಕೆ ನಾಕಾರು ಚೌಕ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ನಡೆದ ಸಾವಿರಾರು ಜನ ಈ ಅಚ್ಚಿಗೆ ಬಿದ್ದರೆ ನಾಯಕನ ಬೆನ್ನ ಹಿಂದಿನ ಗುಂಪು ಆಗಿಬಿಡುತ್ತಾರೆ.

1990ರಲ್ಲಿ ಇಂದ್ರಜಾಲ ನಿಂತಿತು. ಅಮರ ಚಿತ್ರಕಥೆಯ ಒಡೆತನ 2007ರಲ್ಲಿ ಕೈ ಬದಲಾಯಿಸಿತು, ಹಳೆಯ ಪುಸ್ತಕ ಹೊಸ ಅಚ್ಚಿನಲ್ಲಿ ಬರುತ್ತಲೇ ಇವೆ.

ಈ ಚೌಕವನ್ನು ಮುರಿದದ್ದು 2011ರ 'ಭೀಮಾಯನ'. ನವಯಾನ ಪ್ರಕಾಶನದ್ದು, ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದ್ದು, ಚಿತ್ರ ಮಧ್ಯಪ್ರದೇಶದ ಪ್ರಧಾನ ಗೊಂಡರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಯದ್ದು. ಬಾಬಾಸಾಹೇಬರ ಬದುಕಿನ ನೀರು, ನೆಲೆ, ಪ್ರಯಾಣದ ಘಟನೆಗಳೇ ಇಲ್ಲಿನ ವಸ್ತು. ಮಾತು ಶುರುವಾಗುವುದು ಇವತ್ತಿನ ಬಸ್ ನಿಲ್ದಾಣದಲ್ಲಿ, ಮೀಸಲಾತಿ ಬಗ್ಗೆ ಒಬ್ಬ ಗೊಣಗುವುದರಿಂದ. ಜನರನ್ನು ಪೆಟ್ಟಿಗೆಯೊಳಗೆ ತುರುಕಲು ಈ ಕಲಾವಿದರು ಒಪ್ಪಲಿಲ್ಲ, ಅವರಿಗೆ ಉಸಿರಾಡಲು ಜಾಗ ಬೇಕು ಅಂದರು. ಹಾಗಾಗಿ ಪುಟದಲ್ಲಿ ಚೌಕಗಳಿಲ್ಲ. ಅವರ ಮನೆಗೋಡೆಯ ದಿಗ್ನ ರೇಖೆಗಳು ಪುಟವನ್ನು ಬಳುಕಿಸಿ ಹಂಚುತ್ತವೆ. ರೈಲು ಹಾವಾಗಿದೆ, ಕೋಟೆ ಸಿಂಹವಾಗಿದೆ, ನೀರಿನ ಪಂಪು ಆನೆಯಾಗಿದೆ. ಮೃದು ಮಾತಾಡುವವರ ಮಾತು ಹಕ್ಕಿಯ ಆಕಾರದೊಳಗೆ ಇದೆ. ಬಾಯಾರಿದ ಹುಡುಗನಿಗೆ ನೀರಿಲ್ಲ ಅನ್ನುವವರ ಮಾತಿಗೆ ಚೇಳಿನ ಕೊಂಡಿ. ಅದೇ ವರ್ಷ ಜೋತಿಬಾ ಫುಲೆಯವರ 1873ರ 'ಗುಲಾಮಗಿರಿ'ಯನ್ನು ಆಧರಿಸಿದ ಇನ್ನೊಂದು ಚಿತ್ರಕಥೆಯೂ ಬಂತು. ಅಸುರರನ್ನು ಈ ನೆಲದ ಮೂಲಜನ ಅಂತ ಫುಲೆ ಬರೆದದ್ದು ಅಮರ ಚಿತ್ರಕಥೆಗಿಂತ ತೊಂಬತ್ತು ವರ್ಷಕ್ಕೂ ಹಿಂದೆ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳು ಈ ಎರಡು ಪುಸ್ತಕ ತರಿಸಿ, ಬಲಿ, ಹಿರಣ್ಯಕಶಿಪುವಿನ ಹಳೆಯ ಚಿತ್ರಕಥೆಗಳ ಪಕ್ಕದಲ್ಲಿಟ್ಟು, ಯಾರ ಬಣ್ಣ ಯಾವುದು ಅಂತ ಮಕ್ಕಳನ್ನೇ ಕೇಳಿನೋಡಲಿ.