ಯಾದವಗಿರಿಯ ಬೈಕು ಮತ್ತು ಆಯ್ಕೆಯ ಪ್ರಶ್ನೆ

ದೂರ ಪ್ರಯಾಣಕ್ಕೆ ಎಂಥ ಬೈಕು ಕೊಳ್ಳಬೇಕು? ಇಂದು ಶೋರೂಮಿಗೆ ಕಾಲಿಟ್ಟ ಯುವಕನ ಮುಂದೆ ಹೆಸರುಗಳ ದೊಡ್ಡ ಸಾಲೇ ನಿಲ್ಲುತ್ತದೆ. ಕ್ರೂಸರ್, ಟೂರರ್, ಅಡ್ವೆಂಚರ್, ಸ್ಕ್ರಾಂಬ್ಲರ್, ರೋಡ್‌ಸ್ಟರ್. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಜಾಹೀರಾತು, ಒಂದೊಂದು ಕನಸು. ಆದರೆ ಮೈಸೂರಿನ ಮಟ್ಟಿಗೆ ಈ ಪ್ರಶ್ನೆಗೆ ಬೇರೆಯೇ ಒಂದು ಚರಿತ್ರೆಯಿದೆ. ಸುಮಾರು ಮೂವತ್ತೈದು ವರ್ಷಗಳ ಕಾಲ ಈ ನಗರ ತನ್ನ ಕೈಯಿಂದಲೇ ಬೈಕು ತಯಾರಿಸಿ ದೇಶದ ರಸ್ತೆಗಳಿಗೆ ಕಳುಹಿಸಿತು. ಆ ಬೈಕಿಗೆ ಯಾವ ಶೈಲಿಯ ಹೆಸರೂ ಇರಲಿಲ್ಲ. ಅದೇ ಕಚೇರಿಗೆ ಹೋಗುತ್ತಿತ್ತು, ಅದೇ ಊಟಿಯ ಘಾಟಿಯನ್ನೂ ಹತ್ತುತ್ತಿತ್ತು. ಇಂದಿನ ಆಯ್ಕೆಯ ಗೊಂದಲವನ್ನು ಬಿಡಿಸಿಕೊಳ್ಳಲು ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಇರಾನಿನ ಹೆಸರು, ಚೆಕ್ ಯಂತ್ರ, ಮೈಸೂರಿನ ಕೈ

ಕತೆ ಆರಂಭವಾಗುವುದು ಯುರೋಪಿನ ಪ್ರಾಗ್ ನಗರದಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕು ತಯಾರಿಸುವ ಹಕ್ಕನ್ನು ಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಸ್ವಾತಂತ್ರ್ಯಾನಂತರ ಭಾರತ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಹಾಕಿದಾಗ, ಇಲ್ಲಿ ಜಾವಾ ಮಾರಬೇಕೆಂದರೆ ಇಲ್ಲೇ ತಯಾರಿಸಬೇಕು ಎಂಬ ಸ್ಥಿತಿ ಬಂತು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿ, ಮೈಸೂರಿನ ಯಾದವಗಿರಿಯನ್ನು ಆರಿಸಿಕೊಂಡರು. ಅಂದು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು.

ಚೆಕ್ ಕಂಪನಿಯೊಂದಿಗಿನ ಒಪ್ಪಂದ ಮುಗಿದ ಮೇಲೆ, 1970ರ ದಶಕದಲ್ಲಿ, ಅದೇ ಕಾರ್ಖಾನೆಯ ಬೈಕು 'ಯೆಜ್ಡಿ' ಎಂಬ ಹೊಸ ಹೆಸರು ಪಡೆಯಿತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರದು. ಶತಮಾನಗಳಿಂದ ಝರತುಷ್ಟ್ರ ಮತಾನುಯಾಯಿಗಳ ನೆಲೆಯಾಗಿದ್ದ ಆ ನಗರದ ಕಡೆಯಿಂದ ಅನೇಕ ಇರಾನಿ ಕುಟುಂಬಗಳು ಮುಂಬಯಿಗೆ ವಲಸೆ ಬಂದಿದ್ದವು. ಹೀಗೆ ಪೂರ್ವಜರ ಊರಿನ ಹೆಸರು, ಪ್ರಾಗಿನ ಎಂಜಿನ್ನು, ಮೈಸೂರಿನ ಕಾರ್ಮಿಕರ ದುಡಿಮೆ ಒಂದು ಯಂತ್ರದಲ್ಲಿ ಸೇರಿದವು. ನಮ್ಮ ನಗರಗಳ ಚರಿತ್ರೆಯನ್ನು ಒಂದೇ ಮೂಲಕ್ಕೆ ಕಟ್ಟಿಹಾಕಲು ಹೊರಡುವವರು ಇಂಥ ಒಂದು ಬೈಕನ್ನಾದರೂ ಗಮನಿಸಬೇಕು.

ಒಂದೇ ಬೈಕು, ಹಲವು ಕೆಲಸ

ಜಾವಾ 250 ನೋಡಲು ಸಾಧು ಬೈಕು. 249 ಸಿಸಿಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿದರೆ ಕಿಕ್ಕರು! ಗೇರನ್ನು ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನೇ ಬಿಡುತ್ತಿದ್ದುದರಿಂದ ಎಡಗೈಗೆ ಕೆಲಸ ಕಡಿಮೆ. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿತ್ತು. ಧೂಳು, ಮಳೆ, ಕೆಸರಿನ ನಮ್ಮ ರಸ್ತೆಗಳಿಗೆ ಇದೊಂದು ದೊಡ್ಡ ಅನುಕೂಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಟೂ ಸ್ಟ್ರೋಕ್ ಎಂಜಿನ್ನಿನ ಸರಳತೆ. ಅದರಲ್ಲಿ ವಾಲ್ವುಗಳಿಲ್ಲ, ಅವನ್ನು ಎತ್ತಿ ಇಳಿಸುವ ಕಡ್ಡಿಗಳಿಲ್ಲ. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಿದರಾಯಿತು. ದಾರಿಯಲ್ಲಿ ನಿಂತರೂ ಪ್ಲಗ್ಗು ಬಿಚ್ಚಿ ಉಜ್ಜಿ, ಕಾರ್ಬುರೇಟರನ್ನು ಊದಿ ಮತ್ತೆ ಹೊರಡಬಹುದಿತ್ತು. ದೂರ ಪ್ರಯಾಣದ ಬೈಕಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇರೇನಿದೆ?

1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ ಇದೇ ವಂಶದ ಹೆಚ್ಚು ಚುರುಕಾದ ಕುಡಿ. ಹೆಸರಿನಲ್ಲೇ ರಸ್ತೆಯಿದ್ದರೂ ಅದನ್ನು ಯಾರೂ 'ಟೂರಿಂಗ್ ಬೈಕು' ಎಂದು ಪ್ರತ್ಯೇಕವಾಗಿ ಕರೆಯಲಿಲ್ಲ. ವಾರದ ದಿನಗಳಲ್ಲಿ ಕೆಲಸಕ್ಕೆ, ಭಾನುವಾರ ಹೆಂಡತಿ ಮಕ್ಕಳೊಂದಿಗೆ ಚಾಮುಂಡಿ ಬೆಟ್ಟಕ್ಕೆ, ರಜೆಯಲ್ಲಿ ಗೆಳೆಯನನ್ನು ಕೂರಿಸಿಕೊಂಡು ಮಡಿಕೇರಿಗೆ ಎಲ್ಲಕ್ಕೂ ಅದೇ ಒಂದು.

ಬುಲೆಟ್ಟೋ, ಜಾವಾವೋ?

ಆ ಕಾಲದಲ್ಲಿ ಆಯ್ಕೆಯೇ ಇರಲಿಲ್ಲ ಎಂದಲ್ಲ. 1955ರಿಂದ ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ತಯಾರಾಗುತ್ತಿತ್ತು. ಅದು 346 ಸಿಸಿಯ ಫೋರ್ ಸ್ಟ್ರೋಕ್ ಯಂತ್ರ. ತೂಕ ಹೆಚ್ಚು, ಓಟ ನಿಧಾನ, ಎಳೆಯುವ ಶಕ್ತಿ ಧಾರಾಳ. ಪೊಲೀಸ್ ಮತ್ತು ಸೇನೆಯ ನಂಟಿನಿಂದಾಗಿ ಅದಕ್ಕೊಂದು ಗತ್ತೂ ಬಂದಿತ್ತು. ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಇದಕ್ಕೆ ತಿರುಗುಮುರುಗು. ಒಂದಕ್ಕೆ ಒಗ್ಗಿದವನು ಇನ್ನೊಂದನ್ನು ಏರಿದರೆ ಕಾಲು ತಡವರಿಸುವುದು ಸಹಜ. ಹಾಗಾಗಿ ಬುಲೆಟ್ಟಿನವರು, ಜಾವಾದವರು ಎಂಬ ಎರಡು ಪಂಗಡಗಳೇ ಹುಟ್ಟಿಕೊಂಡವು.

1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಸಹಯೋಗದಲ್ಲಿ ರಾಜದೂತ್ 350 ತಂದಿತು. ಎರಡು ಸಿಲಿಂಡರಿನ ಆ ಬೈಕಿನ ವೇಗ ಅಂದಿನ ರಸ್ತೆಗಳಿಗೆ ಅತಿಯಾಯಿತು, ಪೆಟ್ರೋಲು ಕುಡಿಯುವುದು ಜೇಬಿಗೆ ಅತಿಯಾಯಿತು. ಹೆಚ್ಚು ಕಾಲ ಅದು ಮಾರುಕಟ್ಟೆಯಲ್ಲಿ ಉಳಿಯಲಿಲ್ಲ.

ನೂರು ಸಿಸಿಯ ಹೊಡೆತ

ಯಾದವಗಿರಿಗೆ ನಿಜವಾದ ಹೊಡೆತ ಬಿದ್ದದ್ದು ಸಣ್ಣ ಬೈಕುಗಳಿಂದ. 1980ರ ದಶಕದ ಆರಂಭದಲ್ಲಿ ಸರ್ಕಾರ 100 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ವಿದೇಶಿ ಸಹಯೋಗವನ್ನು ಮುಕ್ತಗೊಳಿಸಿತು. ಹೊಸೂರಿನಿಂದ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಬಂದವು. ಸಿಡಿ 100 ಫೋರ್ ಸ್ಟ್ರೋಕ್ ಬೈಕು. ಅದರ ಜಾಹೀರಾತಿನ ಸಾರವೇ ಪೆಟ್ರೋಲು ತುಂಬಿಸಿ ಮರೆತುಬಿಡಿ ಎಂಬುದು. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವನಿಗೆ ಇದಕ್ಕಿಂತ ಇಂಪಾದ ಮಾತು ಬೇಕೆ?

ಟೂ ಸ್ಟ್ರೋಕಿನ ಸರಳತೆಯೇ ಅದರ ದೌರ್ಬಲ್ಯವೂ ಆಗಿತ್ತು. ಉರಿಯದ ಪೆಟ್ರೋಲಿನ ಒಂದು ಪಾಲು ಆಯಿಲಿನೊಂದಿಗೆ ಹೊಗೆಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. 1991ರಲ್ಲಿ ಮೊದಲ ಬಾರಿಗೆ ಹೊಗೆಯ ಮಿತಿ ನಿಗದಿಯಾಯಿತು, 1996ರಲ್ಲಿ ಅದು ಬಿಗಿಯಾಯಿತು. ಹೊಸ ಎಂಜಿನ್ನಿಗೆ ಬೇಕಾದ ಬಂಡವಾಳವಾಗಲಿ ಕಾಲಾವಕಾಶವಾಗಲಿ ಒದಗಲಿಲ್ಲ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಗಾಳಿ ಶುದ್ಧವಾಗಿರಬೇಕೆಂಬುದು ನ್ಯಾಯವಾದ ಬೇಡಿಕೆ. ಅದರ ಬೆಲೆಯನ್ನು ತೆತ್ತವರು ಮಾತ್ರ ಕಾರ್ಮಿಕರು. ಒಂದು ಕಾರ್ಖಾನೆ ಮುಚ್ಚಿದಾಗ ಕೆಲಸದ ಜೊತೆಗೆ ಒಂದು ಊರಿನ ಕೈಕಸುಬೂ ದಿಕ್ಕಾಪಾಲಾಗುತ್ತದೆ. ಪಳಗಿದ ಕೆಲವು ಕೈಗಳು ನಗರದ ಮೊಹಲ್ಲಾಗಳ ಸಣ್ಣ ಗ್ಯಾರೇಜುಗಳಲ್ಲಿ ನೆಲೆ ಕಂಡುಕೊಂಡವು. ಹಳೆಯ ಜಾವಾಗಳು ಇಂದಿಗೂ ಓಡುತ್ತಿವೆಯೆಂದರೆ ಅದರ ಶ್ರೇಯಸ್ಸು ಸಲ್ಲಬೇಕಾದದ್ದು ಇಂಥ ಹೆಸರಿಲ್ಲದ ಉಸ್ತಾದರಿಗೆ ಮತ್ತು ಅವರ ಶಿಷ್ಯರಿಗೆ.

ಶೈಲಿಗಳು ಬಂದ ಬಗೆ

ಕ್ರೂಸರ್ ಎಂಬುದು ಅಮೆರಿಕದ ಕೂಸು. ನೂರಾರು ಮೈಲಿ ನೇರವಾಗಿ ಹೋಗುವ ಅಗಲ ರಸ್ತೆಗಳಿಗೆ ಹಾರ್ಲೆ ಡೇವಿಡ್‌ಸನ್ ಮುಂತಾದವು ರೂಪಿಸಿದ ಬೈಕು ಅದು. ಸೀಟು ತಗ್ಗು, ಕಾಲು ಮುಂದಕ್ಕೆ, ಹ್ಯಾಂಡಲ್ ಎತ್ತರ, ಮುಂದಿನ ಚಕ್ರ ದೂರ. ನೇರ ದಾರಿಯಲ್ಲಿ ಅದು ಅಲುಗದೆ ಸಾಗುತ್ತದೆ. ಆದರೆ ಮೈಯ ಭಾರವೆಲ್ಲ ಬೆನ್ನಿನ ಬುಡದ ಮೇಲೆ ಬೀಳುವುದರಿಂದ ಗುಂಡಿಯ ರಸ್ತೆಯಲ್ಲಿ ಬೆನ್ನು ಮಾತಾಡತೊಡಗುತ್ತದೆ. ಕಡಿದಾದ ತಿರುವುಗಳಲ್ಲಿ ಅದನ್ನು ಹೊರಳಿಸುವುದೂ ಕಷ್ಟ. ಟೂರಿಂಗ್ ಬೈಕಿನ ಲೆಕ್ಕವೇ ಬೇರೆ. ದೊಡ್ಡ ಟ್ಯಾಂಕು, ಎದುರುಗಾಳಿಗೆ ತಡೆ, ಸಾಮಾನು ಕಟ್ಟಲು ಜಾಗ, ನೆಟ್ಟಗೆ ಕೂರುವ ಭಂಗಿ. ಹೋಂಡಾದ ಗೋಲ್ಡ್‌ವಿಂಗ್ 1970ರ ದಶಕದಲ್ಲಿ ಈ ದಾರಿ ಹಿಡಿಯಿತು. 1980ರಲ್ಲಿ ಬಿಎಂಡಬ್ಲ್ಯು ಕಂಪನಿ ಡಾಂಬರು ಮತ್ತು ಮಣ್ಣು ಎರಡೂ ದಾರಿಗಳಲ್ಲಿ ಸಾಗುವ ಬೈಕು ತಂದು 'ಅಡ್ವೆಂಚರ್' ವರ್ಗಕ್ಕೆ ನಾಂದಿ ಹಾಡಿತು.

ನಮ್ಮಲ್ಲಿ 2001ರಲ್ಲಿ ಬಜಾಜ್ ಎಲಿಮಿನೇಟರ್, 2002ರಲ್ಲಿ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಲ್ಲಿ ಬಜಾಜ್ ಅವೆಂಜರ್ ಕ್ರೂಸರ್ ರೂಪವನ್ನು ಮಧ್ಯಮವರ್ಗದ ಕೈಗೆ ತಂದವು. 2016ರಲ್ಲಿ ಹಿಮಾಲಯನ್ ಬಂತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಮೂಲಕ ಮರುಹುಟ್ಟು ಪಡೆದವು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಿಂದೆ ಒಂದೇ ಬೈಕು ಎಲ್ಲ ಕೆಲಸ ಮಾಡುತ್ತಿದ್ದ ಯೆಜ್ಡಿ ಈ ಸಲ ರೋಡ್‌ಸ್ಟರ್, ಸ್ಕ್ರಾಂಬ್ಲರ್, ಅಡ್ವೆಂಚರ್ ಎಂದು ಮೂರಾಗಿ ಬಂತು. ಐವತ್ತು ವರ್ಷಗಳಲ್ಲಿ ಕೊಳ್ಳುವವನ ಮನಸ್ಸು ಎಷ್ಟು ಬದಲಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೈಕು ಅಗತ್ಯವಾಗಿದ್ದಾಗ ಒಂದು ಸಾಕಾಗಿತ್ತು. ಅದು ವ್ಯಕ್ತಿತ್ವದ ಗುರುತಾದಾಗ ಮೂರೂ ಸಾಲದಾದವು.

ಯಾವ ರಸ್ತೆ, ಯಾವ ಹೊರೆ, ಯಾರ ಕೈ?

ಹಾಗಾದರೆ ಮೈಸೂರಿನವನು ಇಂದು ಏನನ್ನು ಆರಿಸಬೇಕು? ರಸ್ತೆಯನ್ನು ಕೇಳಿ ನೋಡಲಿ. ಕ್ರೂಸರಿಗೆ ಹೇಳಿ ಮಾಡಿಸಿದಂಥ ನೇರ ದಾರಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ. ಆದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಇನ್ನುಳಿದಂತೆ ನಮ್ಮ ಪ್ರವಾಸದ ದಾರಿಗಳೆಲ್ಲ ತಿರುವುಗಳವೇ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದರಿಂದ ಅಲ್ಲಿ ವೇಗಕ್ಕಿಂತ ಹೊತ್ತಿನ ಲೆಕ್ಕ ಮುಖ್ಯ. ಕೊಡಗಿನ ಮಳೆಗಾಲಕ್ಕೆ ಹಗುರವಾದ, ನೆಟ್ಟಗೆ ಕೂರಿಸುವ, ಒಳ್ಳೆಯ ಬ್ರೇಕಿರುವ ಬೈಕೇ ಸೂಕ್ತ.

ಎರಡನೆಯದಾಗಿ ಹೊರೆ. ಒಬ್ಬನೇ ಹೋಗುವವನು ತಗ್ಗಿನ ಸೀಟಿನ ಸೊಗಸಿಗೆ ಮರುಳಾಗಬಹುದು. ಆದರೆ ಹಿಂದೆ ಕೂರುವ ಹೆಂಡತಿಗೋ ತಾಯಿಗೋ ನೂರು ಕಿಲೋಮೀಟರ್ ಆ ಪುಟ್ಟ ಸೀಟಿನ ಮೇಲೆ ಕಳೆಯಲು ಸಾಧ್ಯವೇ ಎಂದು ಕೊಳ್ಳುವ ಮುನ್ನ ಅವರನ್ನೇ ಕೂರಿಸಿ ಕೇಳಬೇಕು. ಹಿಂಬದಿ ಸವಾರರ ಅಭಿಪ್ರಾಯ ಪಡೆಯದೆ ಕೊಂಡ ಬೈಕುಗಳೇ ನಮ್ಮಲ್ಲಿ ಹೆಚ್ಚು. ಮೂರನೆಯದು ರಿಪೇರಿ. ಕಂಪ್ಯೂಟರಿಲ್ಲದೆ ತೆರೆಯಲಾಗದ ಎಂಜಿನ್ನು ಸುಳ್ಯದಾಚೆಯ ಘಾಟಿಯಲ್ಲಿ ನಿಂತರೆ ಸರಿಪಡಿಸುವ ಕೈ ಎಲ್ಲಿ ಸಿಗುತ್ತದೆ?

ಮೈಸೂರಿನಲ್ಲಿ ದ್ವಿಚಕ್ರ ವಾಹನ ತಯಾರಿಕೆ ಪೂರ್ತಿ ನಿಂತಿಲ್ಲ. ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆಯಿದೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಹಳೆಯ ಬೈಕುಗಳು ಬೀದಿಗಿಳಿಯುತ್ತವೆ. ಅವುಗಳ ಸದ್ದಿಗೆ ತಲೆದೂಗುವುದು ಸುಲಭ. ಆದರೆ ಆ ಬೈಕು ಕಲಿಸುವ ಪಾಠ ಸದ್ದಿನಲ್ಲಿಲ್ಲ. ಅದನ್ನು ಕೊಂಡವರು ತಮ್ಮ ದಾರಿ, ತಮ್ಮ ಕುಟುಂಬ, ತಮ್ಮ ಜೇಬು, ತಮ್ಮ ಬೀದಿಯ ಮೆಕ್ಯಾನಿಕ್ ಇಷ್ಟನ್ನು ನೋಡಿ ಕೊಂಡರು. ಶೈಲಿಯ ಹೆಸರುಗಳು ಎಷ್ಟೇ ಹೆಚ್ಚಲಿ, ಸರಿಯಾದ ಆಯ್ಕೆಗೆ ಇಂದಿಗೂ ಬೇಕಾಗಿರುವುದು ಅಷ್ಟೇ.