ಚೌಡಿಕೆಯ ನಾದ, ಮುತ್ತಿನ ಸರ: ದೇವದಾಸಿ ಪದ್ಧತಿಯನ್ನು ಸಂಗೀತ ನಾಟಕವಾಗಿ ರಂಗಕ್ಕೆ ತರುವ ಬಗೆ

ಕನ್ನಡ ರಂಗಭೂಮಿಗೆ ಹಾಡು ಹೊಸತಲ್ಲ. ಯಕ್ಷಗಾನ, ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ, ಇವೆಲ್ಲವುಗಳಲ್ಲಿಯೂ ಕಥೆ ಮುಂದೆ ಸಾಗುವುದು ಹಾಡಿನ ಬೆನ್ನೇರಿಯೇ. ಆದರೆ ಹಾಡಬೇಕಾದ ವಸ್ತುವು ಮನೆಮಂದಿಯ ನಡುವೆ ಬಾಯಿಬಿಟ್ಟು ಆಡಲಾಗದಂಥದ್ದಾದರೆ ಏನು ಮಾಡಬೇಕು? ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಅಂತಹ ಒಂದು ವಸ್ತು. ದೆಹಲಿ, ನೊಯಿಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ನಮ್ಮಂಥವರು ಈ ವಸ್ತುವನ್ನು ವೇದಿಕೆಗೆ ತರಲು ಯೋಚಿಸುವಾಗ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ಪದ್ಧತಿಯ ಸ್ವರೂಪ

ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡ ಉತ್ತರ ಕರ್ನಾಟಕದ ಬಹುದೊಡ್ಡ ಶ್ರದ್ಧಾಕೇಂದ್ರ. ಅಲ್ಲಿಗೆ ಹರಕೆ ಹೊತ್ತು ಹೋಗುವ ಲಕ್ಷಾಂತರ ಭಕ್ತರಿಗೂ ಮುತ್ತು ಕಟ್ಟುವ ಪದ್ಧತಿಗೂ ನೇರ ಸಂಬಂಧವಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಆದರೆ ದೇವಿಯ ಹೆಸರಿನಲ್ಲಿ ಬಡ ಕುಟುಂಬಗಳ, ಅದರಲ್ಲೂ ಹೆಚ್ಚಾಗಿ ದಲಿತ ಕುಟುಂಬಗಳ ಹೆಣ್ಣುಮಕ್ಕಳ ಕೊರಳಿಗೆ ಕೆಂಪು ಬಿಳಿ ಮಣಿಗಳ ಸರವನ್ನು ಕಟ್ಟಿ ಅವರನ್ನು ಮದುವೆಯಿಂದ ಶಾಶ್ವತವಾಗಿ ಹೊರಗಿಟ್ಟದ್ದು ಸತ್ಯ. ತಲೆಯಲ್ಲಿ ಜಡೆ ಕಟ್ಟಿತೆಂದೋ, ರೋಗ ವಾಸಿಯಾಗಲೆಂದೋ, ಗಂಡುಸಂತಾನವಿಲ್ಲದ ಮನೆಗೆ ದುಡಿದು ಹಾಕುವವರು ಬೇಕೆಂದೋ ಮುತ್ತು ಕಟ್ಟಿಸುತ್ತಿದ್ದರು. ಹೆಸರಿಗೆ ಅವಳು ದೇವರ ಮಡದಿ. ಬದುಕಿನಲ್ಲಿ ಊರಿನ ಉಳ್ಳವರ ಪಾಲಿಗೆ ಬಿದ್ದವಳು. ಅವಳ ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ಬರೆಸಲು ತಂದೆಯ ಹೆಸರಿಲ್ಲ.

ಕಾನೂನಿನ ಹಾದಿ ದೀರ್ಘವಾದುದು. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲಿ ಕಾಯಿದೆ ಬಂದಿತು. ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯು ಮುತ್ತು ಕಟ್ಟಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಿತು. ಕಟ್ಟಿಸಿದವರು ತಂದೆತಾಯಿ ಅಥವಾ ಬಂಧುಗಳೇ ಆಗಿದ್ದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಮುತ್ತು ಕಟ್ಟಿಸಿಕೊಂಡವಳ ಮದುವೆ ಸಿಂಧುವೆಂದೂ ಅದೇ ಕಾಯಿದೆ ಸಾರಿತು. 2025ರಲ್ಲಿ ರಾಜ್ಯದ ಶಾಸಕಾಂಗವು ಪುನರ್ವಸತಿಯನ್ನೂ ಒಳಗೊಂಡ ಹೊಸ ಮಸೂದೆಯನ್ನು ಅಂಗೀಕರಿಸಿತು. 1993-94 ಮತ್ತು 2007-08ರಲ್ಲಿ ನಡೆದ ಎರಡು ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದ್ದವು.

ಪದ್ಧತಿಯೊಳಗೇ ಇರುವ ಸಂಗೀತ ನಾಟಕ

ಈ ವಸ್ತುವಿಗೆ ಹೊರಗಿನಿಂದ ಸಂಗೀತ ಹೊಂದಿಸಬೇಕಾಗಿಲ್ಲ. ಅದರ ಒಳಗೇ ಪೂರ್ಣ ಪ್ರಮಾಣದ ಸಂಗೀತ ನಾಟಕವಿದೆ. ಜೋಗತಿಯರು ಇರುಳಿಡೀ ಆಡುವ ಯಲ್ಲಮ್ಮನಾಟದಲ್ಲಿ ರೇಣುಕೆ, ಜಮದಗ್ನಿ, ಪರಶುರಾಮ, ಕಾರ್ತವೀರ್ಯರ ಕಥೆ ಹಾಡು, ಕುಣಿತ, ಮಾತುಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಮುಖ್ಯ ವಾದ್ಯ ಚೌಡಿಕೆ. ಮರದ ಕೊಳವೆ, ಒಂದು ಬದಿಗೆ ಚರ್ಮ, ಅದರಿಂದ ಹೊರಟ ಒಂದೇ ತಂತಿ. ತಂತಿಯನ್ನು ಬಿಗಿ ಸಡಿಲ ಮಾಡುತ್ತ ಮೀಟಿದರೆ ಅದು ಮಾತನಾಡುವಂತೆಯೇ ಏರಿಳಿಯುತ್ತದೆ. ಜೊತೆಗೆ ಶ್ರುತಿ ಮತ್ತು ತಾಳ.

ಜೋಗತಿ ಕುಣಿತದ ಕೊಡಕ್ಕೂ ಅರ್ಥವಿದೆ. ಹಾವನ್ನೇ ಸಿಂಬಿ ಮಾಡಿ ಮರಳಿನ ಕೊಡದಲ್ಲಿ ನೀರು ತರುತ್ತಿದ್ದ ರೇಣುಕೆಗೆ, ಮನಸ್ಸು ಒಂದು ಕ್ಷಣ ಚಂಚಲವಾದ ಕಾರಣ ಕೊಡ ನಿಲ್ಲಲಿಲ್ಲ. ಅದಕ್ಕಾಗಿ ತಂದೆಯ ಆಜ್ಞೆಯಂತೆ ಮಗನೇ ತಾಯಿಯ ತಲೆ ಕಡಿದನೆಂಬುದು ಕಥೆ. ಕೈ ಸೋಕಿಸದೆ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿಯನ್ನು ನೋಡುವಾಗ ನಾವು ಕಾಣುವುದು ಬರಿಯ ಕಸರತ್ತನ್ನಲ್ಲ. ಬೀಳಗೊಟ್ಟರೆ ತಲೆಯೇ ಹೋಗುವಂಥ ಕೊಡ ಅದು. ರಾಜ್ಯೋತ್ಸವದ ವೇದಿಕೆಗಳಲ್ಲಿ ಇದೇ ಕುಣಿತ ಐದು ನಿಮಿಷದ ಬಣ್ಣದ ಜಾನಪದ ನೃತ್ಯವಾಗಿ ಬಂದಾಗ ಈ ಅರ್ಥವೆಲ್ಲ ಕಳಚಿಹೋಗಿರುತ್ತದೆ.

ಇಂಪಿನ ಅಪಾಯ

ತೊಡಕಿರುವುದು ಇಲ್ಲಿಯೇ. ಹೆಣ್ಣುಮಗುವಿನ ಕೊರಳಿಗೆ ಮುತ್ತು ಬೀಳುವಾಗ ಮೊಳಗಿದ್ದೂ ಇದೇ ಚೌಡಿಕೆ, ಇದೇ ಉಧೋ ಉಧೋ. ನೋವನ್ನು ಹೇಳಲು ನಾವು ಬಳಸುವ ಸಂಗೀತವೇ ನೋವನ್ನು ಮುಚ್ಚಲು ಬಳಕೆಯಾದ ಸಂಗೀತ. ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಇರುಳಿನಲ್ಲಿ ತೇಲಿಬಂದ ಹಾಡಿಗೆ ಮಾರುಹೋದ ಅಮೃತಮತಿಗೆ ಹಾಡಿದ ಮಾವಟಿಗ ಅಷ್ಟಾವಂಕನ ಕುರೂಪ ಆಮೇಲೆ ತಿಳಿದರೂ ತಡೆಯಾಗಲಿಲ್ಲ. ಇಂಪು ಒಮ್ಮೆ ಮನಸ್ಸನ್ನು ಹಿಡಿದರೆ ಕಣ್ಣು ತನ್ನ ಕೆಲಸ ಮರೆಯುತ್ತದೆ. ಪ್ರೇಕ್ಷಕರು ಹಾಡು ಬಹಳ ಚೆನ್ನಾಗಿತ್ತು ಎನ್ನುತ್ತ ಮನೆಗೆ ಹೋದರೆ ನಾಟಕ ಸೋತಂತೆ.

ಎರಡು ಮಾದರಿಗಳು

ಈ ತೊಡಕನ್ನು ಬೇರೆ ವಸ್ತುಗಳಲ್ಲಿ ಎದುರಿಸಿ ಗೆದ್ದ ಎರಡು ನಾಟಕಗಳು 1972ರಲ್ಲಿಯೇ ರಂಗಕ್ಕೆ ಬಂದವು. ಮೊದಲನೆಯದು ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ನಿರ್ದೇಶಿಸಿದ ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿ. ಫಲವಂತಿಕೆಯ ದೈವವಾದ ಜೋಕುಮಾರನ ಆಚರಣೆ ಸಭ್ಯರು ಪಿಸುಮಾತಿನಲ್ಲಷ್ಟೇ ಆಡುವ ವಿಷಯ. ಕಂಬಾರರು ಗಣಪತಿಯ ಬದಲು ಜೋಕುಮಾರಸ್ವಾಮಿಗೇ ಮೊದಲ ಪೂಜೆ ಸಲ್ಲಿಸುವ ಮೂಲಕ ಆಟ ಆರಂಭಿಸಿದರು. ಬಯಲಾಟದ ಹಾಡು, ನಗೆಗಳಿಂದ ಪ್ರೇಕ್ಷಕರನ್ನು ಹತ್ತಿರ ಸೆಳೆದು, ಕೊನೆಗೆ ಬಸಣ್ಣನ ಕೊಲೆಯ ಎದುರು ನಿಲ್ಲಿಸಿದರು. ಇದೇ ಕಾರಂತರು 1977ರಲ್ಲಿ ನಮ್ಮ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ ಬಂದು, ಯಕ್ಷಗಾನದ ಹೆಜ್ಜೆಗಳಲ್ಲಿ ಹಿಂದಿಯ ಮ್ಯಾಕ್‌ಬೆತ್ ಮಾಡಿಸಿದರು. ಕಂಬಾರರು ಮುಂದೆ ಅದೇ ಶಾಲೆಯ ಅಧ್ಯಕ್ಷರೂ, 2018ರಿಂದ 2023ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು.

ಎರಡನೆಯದು ವಿಜಯ ತೆಂಡೂಲ್ಕರರ ಮರಾಠಿ ನಾಟಕ ಘಾಶೀರಾಮ್ ಕೊತ್ವಾಲ್. ಅಧಿಕಾರಕ್ಕಾಗಿ ತಂದೆಯೊಬ್ಬ ಮಗಳನ್ನು ಒಪ್ಪಿಸುವ ಕಥೆ ಅದು. ಸಾಲಾಗಿ ನಿಂತು ಹಾಡುವ ಬ್ರಾಹ್ಮಣರ ಮೇಳವೇ ಅಲ್ಲಿ ತೆರೆಯಂತೆ ಕೃತ್ಯವನ್ನು ಮರೆಮಾಡುತ್ತದೆ. ಭಜನೆ ನಿಂತಿಲ್ಲವಾದ್ದರಿಂದಲೇ ಕೃತ್ಯ ಇನ್ನಷ್ಟು ಭೀಕರವಾಗುತ್ತದೆ. ವಿರೋಧದಿಂದಾಗಿ ಪ್ರಯೋಗಗಳು ಕೆಲಕಾಲ ನಿಂತು ಮತ್ತೆ ಆರಂಭವಾದವು.

ರಂಗಕ್ಕೆ ತರುವಾಗ

ಇವುಗಳಿಂದ ನಾವು ಕಲಿಯಬಹುದಾದ ಪಾಠಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಹಾಡು ಎಲ್ಲಿ ನಿಲ್ಲಬೇಕೆಂಬುದನ್ನು ಹಾಡು ಕಟ್ಟುವ ಮುನ್ನವೇ ನಿರ್ಧರಿಸಬೇಕು. ಮುತ್ತು ಕಟ್ಟುವ ಗಳಿಗೆಯಲ್ಲಿ ಚೌಡಿಕೆ ಮೌನವಾದರೆ, ಅಲ್ಲಿಯವರೆಗೆ ತಲೆದೂಗಿದ ಪ್ರೇಕ್ಷಕರಿಗೆ ತಾವು ಯಾವುದಕ್ಕೆ ತಲೆದೂಗುತ್ತಿದ್ದೆವೆಂಬುದು ತಾನಾಗಿಯೇ ತಿಳಿಯುತ್ತದೆ.

ಎರಡನೆಯದಾಗಿ, ಆ ಪಾತ್ರವನ್ನು ಬಾಲಕಿಯರಿಂದ ಮಾಡಿಸಬಾರದು. ವಯಸ್ಕ ನಟಿಯೊಬ್ಬಳು ಸರವನ್ನು ಕೈಯಲ್ಲಿ ಹಿಡಿದು ನಿಂತರೂ ಸಾಕು.

ಮೂರನೆಯದಾಗಿ, ಕಥೆಯ ಕಟ್ಟಿಗೆ ಗುಡ್ಡದ ಪಂಚಾಂಗವೇ ನೆರವಾಗುತ್ತದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ದೇವಿಯ ವೈಧವ್ಯವೆಂದು ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭಾರತ ಹುಣ್ಣಿಮೆಯಂದು ಮತ್ತೆ ಬಳೆ ತೊಡುತ್ತಾರೆ. ದೇವಿಗೆ ವರ್ಷಕ್ಕೊಮ್ಮೆ ಮರಳುವ ಮುತ್ತೈದೆತನ ಅವಳ ಹೆಸರಿನಲ್ಲಿ ಸಮರ್ಪಿತಳಾದವಳಿಗೆ ಒಮ್ಮೆಯೂ ಸಿಗಲಿಲ್ಲ. ಈ ಒಂದು ವ್ಯತ್ಯಾಸವೇ ಒಂದು ಅಂಕಕ್ಕೆ ಸಾಲುತ್ತದೆ.

ನಾಲ್ಕನೆಯದಾಗಿ, ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಉತ್ತರ ಕರ್ನಾಟಕದ ಮಾತಿನ ವರಸೆ ಸುಲಭವಲ್ಲ. ಕಥಾಸಾರದ ಜೊತೆಗೆ ಪದ್ಧತಿಯ ಹಿನ್ನೆಲೆ, ಕಾನೂನು, ಯಾವ ವಯಸ್ಸಿನವರಿಗೆ ನಾಟಕ ತಕ್ಕುದೆಂಬ ಸೂಚನೆ ಇವಿಷ್ಟನ್ನು ಮುದ್ರಿಸಿ ಮೊದಲೇ ಹಂಚಬೇಕು. ಮನೆಗೆ ಹೋದ ಮೇಲೆ ಮಗಳು ಕೇಳುವ ಪ್ರಶ್ನೆಗೆ ತಂದೆತಾಯಿ ಉತ್ತರ ಹೇಳುವಂತಿರಬೇಕು.

ಕೊನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು: ಈ ಕಲೆಯನ್ನು ಉಳಿಸಿಕೊಂಡು ಬಂದವರು ಆ ಬದುಕನ್ನು ಬದುಕಿದವರೇ. ಅವರನ್ನು ಹಾಡು ಕಲಿಸಲು ಕರೆಸಿ, ವೇದಿಕೆಯ ಮೇಲೆ ನಮ್ಮವರನ್ನೇ ನಿಲ್ಲಿಸುವುದು ಉಚಿತವಲ್ಲ. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನದಲ್ಲಿ ಅವರ ಮಾತು ನಡೆಯಬೇಕು. ಸಂಭಾವನೆ ಮುಂಚಿತವಾಗಿ ನಿಗದಿಯಾಗಿ ನೇರವಾಗಿ ಅವರ ಖಾತೆಗೇ ಸಲ್ಲಬೇಕು. ಹಾರ, ಶಾಲುಗಳು ಆಮೇಲಿನ ಮಾತು.

2021ರ ನವೆಂಬರ್‌ನಲ್ಲಿ ಇದೇ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಮಂಜಮ್ಮ ಜೋಗತಿಯವರು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದು ಹರಸಿದ್ದನ್ನು ಓದುಗರು ನೋಡಿರಬಹುದು. ಬಳ್ಳಾರಿ ಸೀಮೆಯಲ್ಲಿ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಹೊರಟು, ಮನೆಯಿಂದ ದೂರವಾಗಿ, ಕಾಳವ್ವ ಜೋಗತಿಯವರ ಮೇಳದಲ್ಲಿ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು ಅವರು. ಅವರ ಕಥೆ ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕಥೆಗಿಂತ ಭಿನ್ನವಾದುದು. ಆದರೆ ಅಂದು ಆ ಭವನದಲ್ಲಿ ನಮಗೆ ಕಂಡದ್ದು ತಾನು ಬಂದ ದಾರಿಯನ್ನು ಮರೆಮಾಚದೆ ತಲೆಯೆತ್ತಿ ನಿಂತ ಒಬ್ಬ ಕಲಾವಿದೆ. ಮುತ್ತಿನ ಸರದ ಬಗ್ಗೆ ನಾವು ನಾಟಕ ಕಟ್ಟುವುದಾದರೆ ಅದರಲ್ಲಿ ಹಾಡುವವರಿಗೂ ಅಷ್ಟೇ ತಲೆಯೆತ್ತಿ ನಿಲ್ಲುವ ಜಾಗ ಇರಬೇಕು. ಅದಿಲ್ಲದಿದ್ದರೆ ಚೌಡಿಕೆಯ ನಾದ ಎಷ್ಟೇ ಇಂಪಾಗಿದ್ದರೂ ನಾವು ಅವರ ಬದುಕನ್ನು ಮತ್ತೊಮ್ಮೆ ಬಳಸಿಕೊಂಡಂತೆಯೇ ಆದೀತು.